ಆಷಾಢದಲ್ಲಿ ಬಂದ ಲೈಸೆನ್ಸು

ನಾನು ಹುಟ್ಟಿದಾಗಿನಿಂದ ಇವತ್ತಿನವರೆಗೆ ಒಂದು ತೊಟ್ಟು ಸೆರೆ ಮುಟ್ಟಿದವನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ಹೇಳುತ್ತಿದ್ದೇನೆ. ಕುಡಿಯದವರಲ್ಲಿ ಒಂದು ದೊಡ್ಡ ದೋಷವಿದೆ. ಕುಡಿತದ ಬಗ್ಗೆ ನಮಗೆ ಎಲ್ಲವೂ ಗೊತ್ತಿರುತ್ತದೆ. ಕುಡಿಯುವವನಿಗೆ ಪಾಪ, ತನ್ನೊಬ್ಬನ ಕುಡಿತದ ವಿಷಯ ಮಾತ್ರ ಗೊತ್ತು, ಅದೂ ಅರ್ಧಂಬರ್ಧ. ನಮಗಾದರೋ ಇಡೀ ಓಣಿಯವರ ಕುಡಿತದ ಕಾರಣ, ಪರಿಣಾಮ, ಪರಿಹಾರ ಎಲ್ಲವೂ ನಾಲಗೆಯ ತುದಿಯಲ್ಲೇ ಇರುತ್ತವೆ. "ಮನಸು ಗಟ್ಟಿ ಮಾಡಿದ್ರ ಒಂದ ದಿನದಾಗ ಬಿಡಬಹುದು" ಎಂಬ ಮಾತನ್ನು ನಾನು ಮದುವೆಯ ಪಂಕ್ತಿಯಲ್ಲಿ, ಕ್ಷೌರದಂಗಡಿಯಲ್ಲಿ, ಕೊಪ್ಪಳದಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಒಮ್ಮೆಯಂತೂ ಸಾವಿನ ಮನೆಯಲ್ಲಿ ಹೇಳಿ, ಹೆಂಡತಿಯಿಂದ ಮೊಣಕೈ ತಿವಿತ ತಿಂದಿದ್ದೇನೆ. ಇಂಥ ಜ್ಞಾನಿಯೊಬ್ಬ ವ್ಯಸನಮುಕ್ತಿ ಕೇಂದ್ರವನ್ನೇ ತೆರೆಯಲು ಹೊರಟರೆ ಏನಾಗುತ್ತದೆ ಎಂಬುದನ್ನು ಹೇಳಲು ಈಗ ಕೂತಿದ್ದೇನೆ.

ನಾನು ನಿವೃತ್ತ ಗುಮಾಸ್ತ. ಜಿಲ್ಲೆಯ ಬೇರೆ ಬೇರೆ ಕಚೇರಿಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೂತು ಎದ್ದವನು. ನನ್ನ ಕೈಗೆ ಬಂದ ಅರ್ಜಿ ಒಂದೇ ಸಲಕ್ಕೆ ಮುಂದಕ್ಕೆ ಹೋದದ್ದು ಕಡಿಮೆ. ಲಂಚಕ್ಕಾಗಿ ಅಲ್ಲ, ಆ ವಿಷಯದಲ್ಲಿ ನಾನು ಮಹಾ ಅಂಜುಬುರುಕ. ಅರ್ಜಿಯಲ್ಲಿ ತಪ್ಪು ಹುಡುಕುವುದೇ ನನಗೊಂದು ಸುಖವಾಗಿತ್ತು. ನಿವೃತ್ತಿಯಾದ ಮೇಲೆ ಆ ಸುಖಕ್ಕೆ ಮನೆಯಲ್ಲಿ ಸಿಕ್ಕಿದ್ದು ಅಡುಗೆಮನೆಯೊಂದೇ. ಡಬ್ಬಿಗಳಿಗೆಲ್ಲ ನಂಬರು ಬರೆದು ಅಂಟಿಸಿದೆ. ಸಾಸಿವೆ ಏಳನೇ ನಂಬರು, ಜೀರಿಗೆ ಎಂಟು. ಒಂದು ದಿನ ಜೀರಿಗೆ ಏಳರಲ್ಲಿ ಕಂಡುಬಂದದ್ದಕ್ಕೆ ನಾನು ವಿವರಣೆ ಕೇಳಿದೆ. ನನ್ನ ಹೆಂಡತಿ ಗಿರಿಜಾ ಬಹಳ ತಾಳ್ಮೆಯ ಹೆಂಗಸು. ಅವಳು ಸೌಟು ಕೆಳಗಿಟ್ಟು, "ನೋಡ್ರಿ, ಮನ್ಯಾಗ ಕುಂತು ನನ್ನ ಡಬ್ಬಿ ಎಣಸೂದಕ್ಕಿಂತ ಹೊರಗ ಹೋಗಿ ಯಾರಿಗಾರ ಉಪಕಾರ ಮಾಡ್ರಿ" ಎಂದಳು. ನಾನು ಸಮಾಜಸೇವೆಗೆ ಇಳಿದದ್ದು ಹೀಗೆ.

ಅದೇ ಹೊತ್ತಿಗೆ ಗಂಗಾವತಿಯ ನನ್ನ ಷಡ್ಡಕ ವೀರಣ್ಣನವರಿಗೂ ಪುಣ್ಯದ ಯೋಚನೆ ಬಂದಿತ್ತು. ಅವರದು ಅಕ್ಕಿ ಮಿಲ್ಲು. ಮಿಲ್ಲಿನಲ್ಲಿ ಚೀಲ ಹೊರುವವರಲ್ಲಿ ಇಬ್ಬರು ಒಂದೇ ವರ್ಷದಲ್ಲಿ ಕುಡಿದು ಕುಡಿದು ತೀರಿಹೋಗಿದ್ದರು. ಅದು ಅವರ ಮನಸ್ಸಿಗೆ ನಿಜವಾಗಿಯೂ ಹತ್ತಿತ್ತು. ಕೊಪ್ಪಳದಲ್ಲಿ ಅವರದೊಂದು ಕಟ್ಟಡ ಖಾಲಿ ಬಿದ್ದಿತ್ತು. ಮೊದಲು ಅಲ್ಲಿ ಶಾಮಿಯಾನದ ಸಾಮಾನು ಇಡುತ್ತಿದ್ದರು. "ಕಟ್ಟಡ ನನ್ನದು, ಕಾಗದಪತ್ರ ನಿಮ್ಮದು. ಸರಕಾರಿ ಮಂದಿ ಕೂಡ ಮಾತಾಡೂದು ನನ್ನ ಕೈಲಾಗಂಗಿಲ್ಲ ಸಂಗಣ್ಣಾರ, ಅದು ನಿಮಗ ಒಲಿದದ್ದು" ಎಂದರು. ಅವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಕುಷ್ಟಗಿಯ ಕಡೆಯ ಒಬ್ಬ ಮನೋವೈದ್ಯೆ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ವಾರಕ್ಕೆ ಎರಡು ದಿನ ಬಂದು ನೋಡಲು, ಮಿಕ್ಕ ದಿನ ಕರೆದಾಗ ಬರಲು ಒಪ್ಪಿದಳು. ಇಬ್ಬರು ನರ್ಸುಗಳು, ಒಬ್ಬ ಅಡುಗೆಯವನು, ಹನ್ನೆರಡು ಮಂಚ. ಇನ್ನು ಬೇಕಾಗಿದ್ದುದು ಲೈಸೆನ್ಸು ಒಂದೇ.

ಲೈಸೆನ್ಸಿಗಾಗಿ ನಾನು ಯುದ್ಧಕ್ಕೆ ಹೊರಟವನ ಹಾಗೆ ಸಿದ್ಧನಾದೆ. ಕಟ್ಟಡದ ನಕ್ಷೆ, ಬೆಂಕಿ ಆರಿಸುವ ವ್ಯವಸ್ಥೆಯ ಪತ್ರ, ಆಸ್ಪತ್ರೆಯ ಕಸ ಒಯ್ಯುವವರ ಒಪ್ಪಂದ, ಡಾಕ್ಟರಮ್ಮನ ಸರ್ಟಿಫಿಕೇಟುಗಳು, ರೋಗಿಗಳ ಹಕ್ಕುಗಳ ಫಲಕದ ಫೋಟೊ, ಚಿಕಿತ್ಸೆಯ ಕ್ರಮ ಹೇಗಿರುತ್ತದೆಂದು ಆಕೆ ಬರೆದುಕೊಟ್ಟ ಹದಿನಾಲ್ಕು ಪುಟದ ಟಿಪ್ಪಣಿ, ಎಲ್ಲವನ್ನೂ ಮೂರು ಮೂರು ಪ್ರತಿ ಮಾಡಿಸಿ, ಪುಟಸಂಖ್ಯೆ ಹಾಕಿ, ಪ್ರತಿ ಹಾಳೆಯ ಕೆಳಗೆ ಸಹಿ ಮಾಡಿ, ಹೊಸ ಟ್ಯಾಗು ಪೋಣಿಸಿ, ಕಂಕುಳಲ್ಲಿ ಇಟ್ಟುಕೊಂಡು ಜಿಲ್ಲಾ ಆರೋಗ್ಯ ಕಚೇರಿಗೆ ಹೋದೆ. ಸತಾಯಿಸುತ್ತಾರೆ, ಹತ್ತು ಸಲ ತಿರುಗಿಸುತ್ತಾರೆ, ನಾನೂ ಹಳೇ ಹುಲಿ, ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ತೊಡೆ ತಟ್ಟಿಕೊಂಡಿದ್ದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಅಧಿಕಾರಿ ಎದ್ದು ನಿಂತು ನಮಸ್ಕಾರ ಮಾಡಿ, ಕುರ್ಚಿ ಕೊಟ್ಟು, "ಹಿರಿಯಾರು ಇಷ್ಟು ಭಾರ ಹೊತ್ಕೊಂಡು ಬರೂದ್ ಬ್ಯಾಡಾಗಿತ್ರಿ. ಎಲ್ಲಾ ಆನ್‌ಲೈನ್ ಐತ್ರಿ. ಮನ್ಯಾಗ ಕುಂತ ಹಾಕಬಹುದಿತ್ತು" ಎಂದ. ಫೈಲನ್ನು ಮುಟ್ಟಲೂ ಇಲ್ಲ. ನನಗಾದ ಅವಮಾನ ಅಷ್ಟಿಷ್ಟಲ್ಲ.

ಆಮೇಲೆ ಇಬ್ಬರು ತಪಾಸಣೆಗೆ ಬಂದರು. ಮಂಚ ಮಂಚಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದರು. ಕಿಟಕಿಯ ಸರಳು ನೋಡಿದರು. ದೂರಿನ ಪೆಟ್ಟಿಗೆಯನ್ನು ನಾನು ನನ್ನ ಮೇಜಿನ ಎದುರಿಗೇ, ಯಾರು ದೂರು ಹಾಕುತ್ತಾರೆಂದು ನನಗೆ ಕಾಣುವಂತೆ ಹೊಡೆಸಿದ್ದೆ. ಅದನ್ನು ಕಿತ್ತು ನಡುಮನೆಯ ಮೂಲೆಗೆ ಹಾಕಿಸಿರಿ ಎಂದರು. ಚಹಾ ಬೇಡವೆಂದರು. ಒಂದು ಪ್ರಶ್ನೆಯನ್ನೂ ಕಾಗದದಲ್ಲಿ ಕೇಳದೆ ಹೋಗಿಬಿಟ್ಟರು. ಕೆಲವು ವಾರ ಕಳೆದಿರಬಹುದು, ಒಂದು ದಿನ ನಾನು ಗಿರಣಿಯಲ್ಲಿ ಜೋಳ ಬೀಸಿಸಲು ನಿಂತಿದ್ದಾಗ ಕಿಸೆಯ ಮೊಬೈಲು ಗುಂಯ್ ಎಂದಿತು. ಹಿಟ್ಟಿನ ಕೈಯಲ್ಲೇ ತೆಗೆದು ನೋಡಿದರೆ ಲೈಸೆನ್ಸು! ಎಷ್ಟು ಹಿಂದಕ್ಕೆ ಮುಂದಕ್ಕೆ ಸರಿಸಿದರೂ ಒಂದು ದುಂಡನೆಯ ಸೀಲು ಕಾಣಲಿಲ್ಲ. ಸೀಲಿಲ್ಲದ ಲೈಸೆನ್ಸನ್ನು ನಂಬುವುದಕ್ಕೆ ನನಗೆ ಎರಡು ದಿನ ಬೇಕಾಯಿತು. ಕೊನೆಗೆ ಅದನ್ನು ಪ್ರಿಂಟು ತೆಗೆಸಿ, ದೇವರ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕಟ್ಟು ಹಾಕಿಸಿದೆ.

ಆ ಎರಡು ದಿನದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂದು ಹೋಗಿ ಆಷಾಢ ಹಿಡಿದುಬಿಟ್ಟಿತ್ತು. ಡಾಕ್ಟರಮ್ಮ ಲೈಸೆನ್ಸು ನೋಡಿದವಳೇ, "ನಾಳಿಂದನ ಶುರು ಮಾಡೋಣ್ರಿ ಸರ್" ಎಂದಳು. ನಾನು ನಕ್ಕೆ. ಎಷ್ಟು ಓದಿದರೇನು, ಲೋಕಜ್ಞಾನ ಸಾಲದು ಎಂಬ ನಗು ಅದು. "ಆಷಾಢದಾಗ ಹೆಂಗ್ರಿ ಮೇಡಂ?" ಎಂದೆ. ಆಕೆ, "ಕುಡಿಯೋರು ಆಷಾಢ ಅಂತ ಕುಡಿಯೋದು ಬಿಟ್ಟಾರೇನ್ರಿ?" ಎಂದಳು. ವೀರಣ್ಣನವರಿಗೆ ಫೋನು ಮಾಡಿದರೆ ಅವರು, "ಆಷಾಢದಾಗ ನಾ ಮಿಲ್ಲಿಗೆ ಒಂದು ಹೊಸಾ ಬೆಲ್ಟ್ ಸುದ್ದಾ ಹಾಕ್ಸಂಗಿಲ್ಲ. ಮಂದಿ ಜೀವದ ಕೆಲಸ ಇದು, ಛಲೋ ದಿನಾ ನೋಡ್ರಿ" ಎಂದರು. ಛಲೋ ದಿನ ಎಂದರೆ ಶ್ರಾವಣದ ಮೊದಲ ಸೋಮವಾರ. ಅಂದು ಮಠದ ಸ್ವಾಮಿಗಳಾದ ಅಜ್ಜಾರೂ ಬರಲು ಒಪ್ಪಿದರು. ಹೀಗೆ ಸರಕಾರ ಮಾಡದ ವಿಳಂಬವನ್ನು ನಾವೇ ಕೈಯಾರೆ ಮಾಡಿಕೊಂಡೆವು. ಒಂದು ತಿಂಗಳ ಕಾಲ ಹನ್ನೆರಡು ಮಂಚಗಳು ಹೊಸ ಚಾದರ ಹೊದ್ದು ಮಲಗಿದವು. ನಾನು ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಯಾರ ಮೇಲೆ ಬರಬೇಕೆಂದು ತಿದ್ದುತ್ತ ಕೂತೆ.

ಹುಲಗಪ್ಪ ಬಂದದ್ದು ಆ ಆಷಾಢದಲ್ಲಿ. ಅವನ ವಿಷಯ ಹೇಳಬೇಕು. ಯಲಬುರ್ಗಾದವನು, ನನ್ನ ಜೊತೆ ಇಪ್ಪತ್ತೆರಡು ವರ್ಷ ಜವಾನನಾಗಿ ಕೆಲಸ ಮಾಡಿದವನು. ನಾನು ಬರೀ ಗುಮಾಸ್ತನಾದರೂ ನನ್ನನ್ನು "ಸಾಹೇಬ್ರ" ಎಂದೇ ಕರೆಯುತ್ತಿದ್ದ. ನಾನು ಒಂದು ದಿನವೂ ತಿದ್ದಲಿಲ್ಲ. ಯಾವ ಫೈಲು ಯಾವ ಬೀರುವಿನ ಯಾವ ಕಟ್ಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಬೆಳಿಗ್ಗೆ ಹತ್ತಕ್ಕೇ ಅವನ ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು. ಏಲಕ್ಕಿ ಯಾಕೆ ಅಗಿಯುತ್ತಿದ್ದನೆಂದು ಕಚೇರಿಗೆಲ್ಲ ಗೊತ್ತಿತ್ತು. ಕುಡಿತ ಬಿಡು ಎಂದು ನಾನು ಅವನಿಗೆ ಸಾವಿರ ಸಲ ಹೇಳಿರಬೇಕು. ಯಾಕೆ ಕುಡಿಯುತ್ತೀಯ ಎಂದು ಮಾತ್ರ ಒಂದು ಸಲವೂ ಕೇಳಲಿಲ್ಲ. ಕಾರಣವೂ ನನಗೆ ಗೊತ್ತಿದೆ ಎಂದೇ ತಿಳಿದಿದ್ದೆ.

ನಾನು ಕೇಂದ್ರದಲ್ಲಿ ಪರದೆ ಹಾಕಿಸುತ್ತಿದ್ದೆ. ಹೊರಗಿನ ಮೆಟ್ಟಿಲ ಮೇಲೆ ಅವನು ಕೂತಿದ್ದ. ಪಕ್ಕದಲ್ಲಿ ಒಂದು ಚೀಲ. ಅದರಲ್ಲಿ ಎರಡು ಜೊತೆ ಬಟ್ಟೆ, ಹೊದೆಯಲು ಒಂದು ಕೌದಿ, ಉಣ್ಣಲು ಒಂದು ಗಂಗಾಳ, ಒಂದು ಲೋಟ. ಅವನ ಹೆಂಡತಿ ರೇಣವ್ವ ಕಟ್ಟಿಕೊಟ್ಟದ್ದಂತೆ. ಕೈ ನಡುಗುವುದು ಕಾಣಬಾರದೆಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ. "ಸಾಹೇಬ್ರ, ನೀವು ಇಲ್ಲಿ ಬಿಡಸೂದು ಶುರು ಮಾಡೀರಿ ಅಂತ ಕೇಳಿದ್ನಿರಿ. ನನ್ನೂ ಇಟ್ಕೊಳ್ರಿ" ಎಂದ. ನನಗೆ ಬಹಳ ಸಂತೋಷವಾಯಿತು, ನಾನು ಹೇಳಿದ ಸಾವಿರ ಮಾತು ಕಡೆಗೂ ನಾಟಿತು ಎಂದುಕೊಂಡೆ. ಹೆಗಲ ಮೇಲೆ ಕೈಯಿಟ್ಟು, "ಭಾಳ ಛಲೋ ಆತು ಹುಲಗಪ್ಪ. ಶ್ರಾವಣ ಮೊದಲನೇ ಸೋಮವಾರ ಬಾ. ನೀನ ನಮ್ಮ ಮೊದಲ್ನೇ ಪೇಷಂಟ್. ಅಜ್ಜಾರ ಕೈಲೇ ನಿನಗ ಹಾರ ಹಾಕಸ್ತೀನಿ" ಎಂದೆ.

"ಹಾರ ಯಾಕ್ರಿ ಸಾಹೇಬ್ರ, ಒಂದು ಕಾಟ್ ಸಾಕ್ರಿ" ಎಂದ. ಆಮೇಲೆ, "ಇವತ್ತ ಮನಸು ಗಟ್ಟಿ ಐತ್ರಿ. ಇಪ್ಪತ್ತು ದಿನಾ ಇರ್ತೈತೋ ಇಲ್ಲೋ ಗೊತ್ತಿಲ್ರಿ" ಎಂದ. ಅವನು ಕಿಟಕಿಯೊಳಗಿನ ಮಂಚಗಳ ಕಡೆ ನೋಡುತ್ತಿದ್ದ. ನಾನು ಆಷಾಢದ ವಿಷಯ ಹೇಳಿದೆ. ಆಮಂತ್ರಣ ಪತ್ರಿಕೆಯ ಕರಡು ತೋರಿಸಿದೆ. ಕಚೇರಿಯಲ್ಲಿ ನಾನು ನಾಳೆ ಬಾ ಎಂದಾಗ ಎದ್ದು ಹೋಗುತ್ತಿದ್ದ ಜನರ ಹಾಗೆಯೇ ಅವನೂ ಚೀಲ ಹೆಗಲಿಗೆ ಹಾಕಿಕೊಂಡು ಎದ್ದ. ಮೆಟ್ಟಿಲು ಇಳಿಯುತ್ತಿದ್ದವನನ್ನು ನಾನೇ ಮತ್ತೆ ಕರೆದೆ. "ನೋಡು, ಅಜ್ಜಾರ ಪಕ್ಕದಾಗ ಕುಂದ್ರಾಂವ ನೀನು. ವಾಸನಿ ಬಡಿಬಾರದು. ಮೂರು ದಿನಾ ಮೊದಲ ಪೂರಾ ಬಂದ್ ಮಾಡು. ಒಂದು ತೊಟ್ಟು ಮುಟ್ಟಬ್ಯಾಡ. ಮಾತ ಕೊಡು" ಎಂದೆ. ಅವನು, "ಆತ್ರಿ ಸಾಹೇಬ್ರ" ಎಂದ. ನನ್ನ ಮಾತಿಗೆ ಅವನು ಎಂದೂ ಇಲ್ಲ ಅಂದವನಲ್ಲ.

ನಾನು ಹಾಗೆ ಹೇಳಿದ್ದು ದುಷ್ಟತನದಿಂದ ಅಲ್ಲ ಎಂದು ಹೇಳಿಕೊಳ್ಳಲು ನನ್ನ ಹತ್ತಿರ ಒಂದು ಕಾರಣ ಇದೆ. ನಮ್ಮ ಕಡೆ ಶ್ರಾವಣ ಬಂತೆಂದರೆ ಊರಿಗೆ ಊರೇ ಕುಡಿಯುವುದನ್ನು ಬಿಡುತ್ತದೆ. ಹನ್ನೊಂದು ತಿಂಗಳು ಗಟಾರದ ಪಕ್ಕ ಸಿಗುವ ಮನುಷ್ಯ ಶ್ರಾವಣದಲ್ಲಿ ಹಣೆ ತುಂಬ ವಿಭೂತಿ ಬಳಿದುಕೊಂಡು ಗುಡಿಯ ಕಟ್ಟೆಯಲ್ಲಿ ಸಿಗುತ್ತಾನೆ. ಮಾಂಸದಂಗಡಿಗಳು ಬಿಕೋ ಎನ್ನುತ್ತವೆ. ಯಾರಿಗೂ ಏನೂ ಆದದ್ದನ್ನು ನಾನು ನೋಡಿರಲಿಲ್ಲ. ತಿಂಗಳುಗಟ್ಟಲೆ ಬಿಡುವವರೇ ಇಷ್ಟು ಜನ ಇರುವಾಗ ಹುಲಗಪ್ಪನಿಗೆ ಮೂರು ದಿನ ಯಾವ ಲೆಕ್ಕ ಎಂದುಕೊಂಡೆ. ಸಂಜೆ ಸಂಜೆ ಕುಡಿಯುವವನ ಕುಡಿತ ಬೇರೆ, ಕಣ್ಣು ಬಿಟ್ಟ ಕೂಡಲೇ ಕುಡಿಯದಿದ್ದರೆ ಕೈಯಲ್ಲಿ ಲೋಟ ನಿಲ್ಲದವನ ಕುಡಿತ ಬೇರೆ ಎಂದು ನನಗೆ ಹೇಗೆ ತಿಳಿಯಬೇಕು? ಡಾಕ್ಟರಮ್ಮನನ್ನು ಕೇಳಿದ್ದರೆ ತಿಳಿಯುತ್ತಿತ್ತು. ಮೊದಲ ರೋಗಿಯನ್ನು ವೇದಿಕೆಯ ಮೇಲೆ ತೋರಿಸಿ ಆಕೆಯನ್ನು ಬೆರಗುಗೊಳಿಸಬೇಕು ಎಂಬ ಆಸೆಗೆ ನಾನು ಅವನ ಸುದ್ದಿಯನ್ನೇ ಎತ್ತಲಿಲ್ಲ.

ಶ್ರಾವಣದ ಮೊದಲ ಸೋಮವಾರ ಬಂತು. ಬಾಳೆಕಂಬ, ತೋರಣ, ಮೈಕು, ನೂರು ಕುರ್ಚಿ. ನಾನು ಮಡಿಕೆ ಮುರಿಯದ ಹೊಸ ಧೋತರ ಉಟ್ಟಿದ್ದೆ. ಅಜ್ಜಾರು ಹೇಳಿದ ಹೊತ್ತಿಗೆ ಬಂದರು. ವೇದಿಕೆಯ ಮೇಲೆ ಅವರ ಎಡಗಡೆಗೆ ವೀರಣ್ಣನವರು, ಡಾಕ್ಟರಮ್ಮ, ಬಲಗಡೆಗೆ ಒಂದು ಖಾಲಿ ಕುರ್ಚಿ. ಮೇಜಿನ ಮೇಲೆ ಸೇವಂತಿಗೆಯ ದೊಡ್ಡ ಹಾರ. ಎಲ್ಲರೂ ಮೊಬೈಲು ಸೈಲೆಂಟ್ ಮಾಡಬೇಕೆಂದು ಮೈಕಿನಲ್ಲಿ ವಿನಂತಿಸಿ, ಮಾದರಿಯಾಗಿರಲೆಂದು ನನ್ನದನ್ನು ಮೊದಲು ಮಾಡಿದೆ. ಹುಲಗಪ್ಪನ ದಾರಿ ಕಾಯುತ್ತ ಪ್ರಾರ್ಥನೆ ಮುಗಿಸಿದೆವು, ಸ್ವಾಗತ ಮುಗಿಸಿದೆವು, ದೀಪ ಹಚ್ಚಿದೆವು. ಅವನ ಸುಳಿವಿಲ್ಲ. ಜನ ಆ ಖಾಲಿ ಕುರ್ಚಿಯನ್ನು ನೋಡಿ ಪಿಸುಗುಡತೊಡಗಿದರು. ನನಗೆ ಸಿಟ್ಟು ಬಂತು. ಎಲ್ಲರೆದುರು ನನ್ನ ಮರ್ಯಾದೆ ತೆಗೆದನಲ್ಲ ಎನ್ನಿಸಿತು.

ಪ್ರಾಸ್ತಾವಿಕ ಮಾತಿಗೆ ಎದ್ದವನು ನಾನು ಹೇಳಿದ್ದನ್ನು ಇಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. "ನಮ್ಮ ಮೊದಲನೆಯ ರೋಗಿ ಇನ್ನೂ ಬಂದಿಲ್ಲ. ಎಲ್ಲಿ, ಯಾವ ಅಂಗಡಿಯಲ್ಲಿ ಸಿಕ್ಕಿಬಿದ್ದಿದ್ದಾನೋ ಗೊತ್ತಿಲ್ಲ. ಇವತ್ತು ಬಂದೇ ಬರುತ್ತೇನೆ ಎಂದು ನನಗೆ ಮಾತು ಕೊಟ್ಟು ಹೋಗಿದ್ದ. ಕುಡಿಯುವವರ ಮಾತು ಎಂದರೆ ಇಷ್ಟೇ ನೋಡಿ. ಇಂಥವರಿಗಾಗಿಯೇ ಈ ಕೇಂದ್ರ" ಎಂದೆ. ಜನ ಗೊಳ್ಳೆಂದು ನಕ್ಕರು. ನನ್ನ ಜೀವನದಲ್ಲಿ ನಾನು ಮೈಕಿನ ಮುಂದೆ ಆಡಿದ ಮಾತಿಗೆ ಅಷ್ಟು ನಗು ಬಂದದ್ದು ಅದೇ ಮೊದಲು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಾರ ಆಶೀರ್ವಚನ ಶುರುವಾಯಿತು. ಹಾರವನ್ನು ಸುಮ್ಮನೆ ಬಾಡಿಸುವುದೇಕೆಂದು ವೀರಣ್ಣನವರ ಕೊರಳಿಗೆ ಹಾಕಿದೆವು.

ಕುರ್ಚಿಯಲ್ಲಿ ಕೂತು ಮೊಬೈಲು ನೋಡಿಕೊಂಡೆ. ಒಂದೇ ನಂಬರಿನಿಂದ ಏಳು ಸಲ ಫೋನು ಬಂದಿತ್ತು. ವೇದಿಕೆಯ ಹಿಂದೆ ಹೋಗಿ ಮಾಡಿದರೆ ಆ ಕಡೆ ರೇಣವ್ವ. ಹುಲಗಪ್ಪ ಶುಕ್ರವಾರದಿಂದ ಮುಟ್ಟಿರಲಿಲ್ಲ. ಶನಿವಾರ ಮೈಯೆಲ್ಲ ಬೆವರು, ನಡುಕ. ಭಾನುವಾರ ಗೋಡೆಯ ಮೇಲೆ ಇರುವೆ ಹತ್ತಿವೆ ಎಂದು ಇಲ್ಲದ ಇರುವೆಗಳನ್ನು ಒರೆಸುತ್ತ ಕೂತಿದ್ದನಂತೆ. ಅವಳಿಗೇ ತಡೆಯಲಾರದೆ ಒಂದಿಷ್ಟು ತಂದು ಲೋಟದಲ್ಲಿ ಹಾಕಿ ಮುಂದೆ ಹಿಡಿದಳಂತೆ. "ಬ್ಯಾಡ, ಸಾಹೇಬ್ರಿಗೆ ಮಾತ ಕೊಟ್ಟೀನಿ" ಎಂದು ಚೆಲ್ಲಿಬಿಟ್ಟನಂತೆ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು, ಯಲಬುರ್ಗಾದ ಬಸ್‌ಸ್ಟ್ಯಾಂಡಿನವರೆಗೆ ಹೆಂಡತಿಯ ಭುಜ ಹಿಡಿದು ನಡೆದು ಬಂದಿದ್ದಾನೆ. ಅಲ್ಲಿ ಫಿಟ್ಸ್ ಬಂದು ಮೆಟ್ಟಿಲ ಮೇಲೆ ಬಿದ್ದಿದ್ದಾನೆ. ಈಗ ಕೊಪ್ಪಳದ ದೊಡ್ಡ ದವಾಖಾನೆಗೆ ಕರೆತರುತ್ತಿದ್ದಾರೆ. "ಎಚ್ಚರಾನ ಇಲ್ರಿ ಯಣ್ಣಾ, ಕಣ್ಣ ತೆಗೀವಲ್ರು" ಎಂದು ಅವಳು ಅಳುತ್ತಿದ್ದಳು. ವೇದಿಕೆಯ ಆಚೆ ಅಜ್ಜಾರು ಸತ್ಯವಾಕ್ಯದ ಮಹಿಮೆಯ ಬಗ್ಗೆ ಹೇಳುತ್ತಿದ್ದರು.

ಅವನು ಬಿದ್ದ ಸುದ್ದಿ ಹೇಳಿದ ಕೂಡಲೇ ಡಾಕ್ಟರಮ್ಮ ನನ್ನ ಸ್ಕೂಟರಿನ ಹಿಂದೆ ಕೂತೇ ದವಾಖಾನೆಗೆ ಬಂದಳು. ಅಲ್ಲಿನ ವೈದ್ಯರ ಜೊತೆ ನಿಂತು ಅದೇನೇನೋ ಇಂಜೆಕ್ಷನ್ನು ಹಾಕಿಸಿದಳು. ಬಹಳ ಹೊತ್ತಿನ ಮೇಲೆ ಹೊರಗೆ ಬಂದವಳ ಮುಖ ಕೆಂಪಾಗಿತ್ತು. ವರಾಂಡದಲ್ಲಿ ರೇಣವ್ವ, ನಾನು ಇಬ್ಬರೇ ಇದ್ದೆವು. "ಯಾರ್ರೀ ಇವರಿಗೆ ಒಮ್ಮೆಗೇ ಬಿಡು ಅಂತ ಹೇಳಿದ್ದು? ಇಷ್ಟು ವರ್ಷ ಕುಡದವರು ಔಷಧ ಇಲ್ಲದ ಹಿಂಗ ನಿಲ್ಲಿಸಿದ್ರ ಜೀವಾ ಹೋಗ್ತೈತಿ ಅಂತ ಗೊತ್ತಿಲ್ಲೇನ್ರಿ?" ಎಂದಳು. ರೇಣವ್ವ ನನ್ನ ಕಡೆ ನೋಡಿದಳು. ನಾನು ನೆಲದ ಕಡೆ ನೋಡಿದೆ. ಆಮೇಲೆ ನನ್ನ ಬಾಯಿಂದ ಬಂದ ಮಾತು ಇದು: "ಶ್ರಾವಣ ಅಲ್ರಿ ಮೇಡಂ. ಮಂದಿ ಎಲ್ಲಾ ಬಿಡ್ತಾರ. ಇವನೂ ಬಿಟ್ಟಿರಬೇಕ್ರಿ."

ಮೂವತ್ತು ವರ್ಷ ಸರಕಾರಿ ನೌಕರಿ ಮಾಡಿದ್ದೇನೆ. ನನ್ನ ಸಹಿಯಿದ್ದ ಕಾಗದದಲ್ಲಿ ಒಂದು ಸುಳ್ಳು ಬರೆದಿಲ್ಲ ಎಂದು ಹೇಳಿಕೊಂಡು ತಿರುಗಿದವನು ನಾನು. ಬಾಯಲ್ಲಿ ಆಡಿದ ಸುಳ್ಳು ಅಷ್ಟು ಸಲೀಸಾಗಿ ಬಂತು. ಸಂಜೆ ಕೇಂದ್ರಕ್ಕೆ ಬಂದು, ಕುರ್ಚಿ ಒಯ್ಯುವವರ ಗದ್ದಲದ ನಡುವೆ ನನ್ನ ಫೈಲು ತೆಗೆದೆ. ಡಾಕ್ಟರಮ್ಮ ಬರೆದ ಹದಿನಾಲ್ಕು ಪುಟಗಳಲ್ಲಿ ಆರನೆಯ ಪುಟ. ನಿತ್ಯ ಕುಡಿಯುವವರನ್ನು ವೈದ್ಯರ ನಿಗಾ ಇಲ್ಲದೆ ಹಠಾತ್ತನೆ ನಿಲ್ಲಿಸಬಾರದು, ಫಿಟ್ಸ್ ಬರಬಹುದು, ಪ್ರಾಣಾಪಾಯ ಆಗಬಹುದು ಎಂದು ಮೊದಲ ಪ್ಯಾರಾದಲ್ಲೇ ಇತ್ತು. ಕೆಳಗೆ ನನ್ನ ಪುಟಸಂಖ್ಯೆ, ನನ್ನ ಸಹಿ. ಮೂರೂ ಪ್ರತಿಯಲ್ಲಿ ಇತ್ತು. ಆ ಫೈಲಿನಲ್ಲಿ ನಾನು ಓದದೇ ಬಿಟ್ಟದ್ದೆಂದರೆ ಅದರೊಳಗೆ ಬರೆದದ್ದು ಮಾತ್ರ.

ಹುಲಗಪ್ಪ ನಾಲ್ಕನೆಯ ದಿನ ಕಣ್ಣು ತೆರೆದ. ಬಿದ್ದ ಏಟಿಗೆ ಬಲಭುಜದ ಎಲುಬು ಮುರಿದಿತ್ತು. ಡಾಕ್ಟರಮ್ಮ ಅವನನ್ನೂ ಅದೇ ಪ್ರಶ್ನೆ ಕೇಳಿದಳಂತೆ. ಅವನು, "ನಾನ ಬಿಟ್ನಿರಿ, ಯಾರೂ ಹೇಳಿಲ್ರಿ" ಎಂದನಂತೆ. ಬಿಡುಗಡೆಯಾದ ಮೇಲೆ ನಮ್ಮ ಕೇಂದ್ರದಲ್ಲೇ ಇಟ್ಟುಕೊಂಡು ನೋಡೋಣ ಎಂದು ಆಕೆ ಹೇಳಿ ಕಳಿಸಿದಾಗ ನಾನೇ ಹೋಗಿ ರೇಣವ್ವನನ್ನು ಕೇಳಿದೆ. ಅವಳು ನನ್ನ ಮುಖ ನೋಡದೆ ಬಟ್ಟೆ ಮಡಚುತ್ತ, "ನಿಮ್ಮಲ್ಲಿ ಬ್ಯಾಡ್ರಿ" ಎಂದಳು. ಅಷ್ಟೇ ಅಂದದ್ದು. ಅವಳ ತಮ್ಮ ಬಂದು ಅವನನ್ನು ಹುಬ್ಬಳ್ಳಿಯ ಕಡೆ ಯಾವುದೋ ಕೇಂದ್ರಕ್ಕೆ ಕರೆದುಕೊಂಡು ಹೋದ.

ಇತ್ತ ನಮ್ಮ ಕೇಂದ್ರಕ್ಕೆ ಶ್ರಾವಣವಿಡೀ ಒಂದು ನರಪಿಳ್ಳೆಯೂ ಬರಲಿಲ್ಲ. ಬರುವುದಾದರೂ ಹೇಗೆ? ಜಿಲ್ಲೆಯ ಕುಡುಕರೆಲ್ಲ ಶ್ರಾವಣದ ವ್ರತದಲ್ಲಿದ್ದರು. ಕುಡಿಯುವುದನ್ನು ಬಿಡಿಸುವ ಅಂಗಡಿಯನ್ನು, ಎಲ್ಲರೂ ತಾವಾಗಿಯೇ ಬಿಡುವ ತಿಂಗಳಲ್ಲಿ ತೆರೆದ ಬುದ್ಧಿವಂತರು ನಾವು. ಆಷಾಢದಲ್ಲಿ, ಇನ್ನು ಶ್ರಾವಣ ಬರುತ್ತದೆ ಎಂದು ಎಲ್ಲರೂ ಬಿಗಿಯಾಗಿ ಕುಡಿಯುವಾಗ ನಮ್ಮ ಬಾಗಿಲಿಗೆ ಪರದೆ ಹಾಕುವ ಕೆಲಸ ನಡೆದಿತ್ತು. ಅಡುಗೆಯವನು ಮಾಡಿದ ಅನ್ನ ಸಾರನ್ನು ನಾನು, ಇಬ್ಬರು ನರ್ಸುಗಳು, ಅಡುಗೆಯವನೇ ಕೂತು ಉಣ್ಣುತ್ತಿದ್ದೆವು. ವೀರಣ್ಣನವರು ಗಂಗಾವತಿಯಿಂದ ಫೋನು ಮಾಡಿ, "ಏನ್ರೀ ಸಂಗಣ್ಣಾರ, ನೀವು ಬಾಗಲಾ ತೆಗೆದ ಕೂಡ್ಲೇ ಜಿಲ್ಲಾಕ್ಕ ಜಿಲ್ಲಾನ ಸುಧಾರಿಸ್ತಲ್ರಿ!" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವರಿಗೆ ಹುಲಗಪ್ಪ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದದ್ದು ಗೊತ್ತಿತ್ತು, ಯಾಕೆ ಬಿದ್ದನೆಂಬುದು ಗೊತ್ತಿರಲಿಲ್ಲ. ಶ್ರಾವಣ ಮುಗಿದು ಹದಿನೈದು ದಿನಕ್ಕೆ ಹನ್ನೆರಡೂ ಮಂಚ ತುಂಬಿ, ಹೊರಗೆ ಇನ್ನೂ ಐದು ಜನ ಕಾಯುತ್ತಿದ್ದರು.

ಹುಲಗಪ್ಪ ಊರಿಗೆ ಬಂದಿದ್ದಾನೆ ಎಂದು ತಿಳಿದ ಮೇಲೂ ಅವನನ್ನು ನೋಡಲು ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಕೊನೆಗೆ ಗಿರಿಜಾಳೇ ಒಂದು ಡಜನ್ ಬಾಳೆಹಣ್ಣು ಕೈಗೆ ಕೊಟ್ಟು ಹೊರಗೆ ಹಾಕಿದಳು. ಯಲಬುರ್ಗಾದಲ್ಲಿ ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಮೈ ತುಂಬಿಕೊಂಡಿತ್ತು, ಕಣ್ಣು ಬೆಳ್ಳಗಾಗಿದ್ದವು. ನನ್ನನ್ನು ಕಂಡು ಎದ್ದು ನಿಂತ. ಕೈಮುಗಿಯಲು ಹೋದರೆ ಬಲಗೈ ಎದೆಯ ಮಟ್ಟಕ್ಕೆ ಏರಲಿಲ್ಲ. ಎಡಗೈಯೊಂದನ್ನೇ ಎತ್ತಿ ನಮಸ್ಕರಿಸಿದ. ಬಿಟ್ಟು ಆರು ತಿಂಗಳಾಯಿತೆಂದು ಹೇಳಿದ. ರೇಣವ್ವ ಒಳಗಿನಿಂದ ಎರಡು ಲೋಟ ಚಹಾ ತಂದು ಕಟ್ಟೆಯ ಮೇಲಿಟ್ಟು, ನನ್ನನ್ನು ಮಾತಾಡಿಸದೆ ಹೋದಳು. ನಾನು ಹವೆಯ ಬಗ್ಗೆ ಮಾತಾಡಿದೆ, ಕಚೇರಿಗೆ ಬಂದ ಹೊಸ ಮಂದಿಯ ಬಗ್ಗೆ ಮಾತಾಡಿದೆ. ಚಹಾ ಆರಿಹೋಯಿತು. ಆಮೇಲೆ ಒಮ್ಮೆಲೇ, "ಹುಲಗಪ್ಪ, ಮೂರು ದಿನಾ ಮುಟ್ಟಬ್ಯಾಡ ಅಂದಾಂವ ನಾನು. ಡಾಕ್ಟರಮ್ಮ ಕೇಳಿದಾಗ ನೀ ಯಾಕ ಹೇಳಲಿಲ್ಲ?" ಎಂದೆ.

ಅವನು ನನ್ನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿದ. ಇಷ್ಟೂ ತಿಳಿಯದೇ ಎಂಬಂತೆ. "ಹೇಳಿದ್ರ ನಿಮ್ಮ ಲೈಸೆನ್ಸ್ ಹೋಗ್ತಿತ್ತಲ್ರಿ ಸಾಹೇಬ್ರ" ಎಂದ. ಆಮೇಲೆ ಎಡಗೈಯಿಂದ ಒಂದು ಬಾಳೆಹಣ್ಣು ಮುರಿದು ನನಗೇ ಕೊಡುತ್ತ, "ನಾಕು ಮಂದಿಗೆ ಉಪಯೋಗ ಆಗೂದು, ನನ್ನೊಬ್ಬನ ಸಲುವಾಗಿ ಯಾಕ ಬಂದ್ ಆಗಬೇಕ್ರಿ" ಎಂದ. ತಪ್ಪಾಯಿತು ಎಂಬ ಮಾತನ್ನು ನಾನು ಬಸ್ಸಿನಲ್ಲಿ ಬರುವಾಗಲೇ ಸಿದ್ಧಮಾಡಿಕೊಂಡಿದ್ದೆ. ಅದನ್ನು ಹೇಳಿದೆ ಕೂಡ. ಆದರೆ ಬಾಯಲ್ಲಿ ಬಾಳೆಹಣ್ಣು ಇದ್ದುದರಿಂದ ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಮತ್ತೊಮ್ಮೆ ಹೇಳಲು ಧೈರ್ಯವಾಗಲಿಲ್ಲ.

ಕೇಂದ್ರ ಈಗ ಚೆನ್ನಾಗಿ ನಡೆದಿದೆ. ಕಾರಟಗಿಯಿಂದ, ಅಳವಂಡಿಯಿಂದ ಜನ ಬರುತ್ತಾರೆ. ಬಂದ ದಿನವೇ, ಅದು ಅಮಾವಾಸ್ಯೆಯಾಗಲಿ, ರಾಹುಕಾಲವಾಗಲಿ, ಸೇರಿಸಿಕೊಳ್ಳುತ್ತೇವೆ. ಆ ನಿಯಮ ಮಾಡಿದವನು ನಾನೇ. ನನ್ನಲ್ಲಿ ಎಂಥ ಬದಲಾವಣೆ ಎಂದು ಡಾಕ್ಟರಮ್ಮ ಮೆಚ್ಚಿ ನಾಲ್ಕು ಜನರ ಮುಂದೆ ಹೇಳುತ್ತಾಳೆ. ವಾರಕ್ಕೆ ಎರಡು ದಿನ ನನ್ನೆದುರಿಗೇ ಕೂತು ಚಹಾ ಕುಡಿಯುತ್ತಾಳೆ. ಒಮ್ಮೊಮ್ಮೆ, ಆವತ್ತು ಹುಲಗಪ್ಪನಿಗೆ ಹಾಗೆ ಹೇಳಿದ ಮೂರ್ಖ ಯಾರಿದ್ದಿರಬಹುದು ಎಂದು ಈಗಲೂ ಕೇಳುತ್ತಾಳೆ. ಪ್ರತಿ ಸಲವೂ ಇವತ್ತು ಹೇಳಿಯೇ ಬಿಡುತ್ತೇನೆ ಎಂದು ನಾನು ಲೋಟ ಕೆಳಗಿಡುತ್ತೇನೆ. ಅಷ್ಟರಲ್ಲಿ ಯಾರಾದರೂ ರೋಗಿ ಕರೆಯುತ್ತಾರೆ, ಆಕೆ ಎದ್ದು ಹೋಗುತ್ತಾಳೆ. ಆಕೆಗೆ ಕನ್ನಡ ಪ್ರಬಂಧ ಓದುವಷ್ಟು ಪುರುಸೊತ್ತು ಎಂದೂ ಸಿಗುವುದಿಲ್ಲ ಎಂಬ ಧೈರ್ಯದ ಮೇಲೆಯೇ ಇದಿಷ್ಟನ್ನೂ ಬರೆದಿದ್ದೇನೆ.